ಇಂಪೊಸಿಷನ್ ಬರೆದ್ರೆ ಖುಷಿ ಬರಲ್ಲ ಮೇಡಂ

(ತಿಪಟೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರ್ದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ. ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದ ತಾಯೀನ ನೋಡ್ಕೊಂಡವರು, ಯುಗಾದಿ ಆದ್ಮೇಲೆ ತಾಯಿ ತೀರ್ಕೊಂಡ್ರು. ತಂಗಿ ಮಗಳು ವಾಟ್ಸಾಪಲ್ಲಿ ಕಳಿಸಿದ 21 ದಿನದ ಚಾಲೆಂಜ್ ಪ್ರಕಾರ ದಿನಾ ಬೆಳಗ್ಗೆ 'ನಾನು ಖುಷಿಯಾಗಿದೀನಿ, ನಾನು ಸ್ಟ್ರಾಂಗ್' ಅಂತ 21 ಸಲ ಬರೀತಿದ್ರಂತೆ. ಒಂಬತ್ತನೇ ದಿನ ಪೆನ್ನು ಕೆಳಗಿಟ್ಟು ಅತ್ತುಬಿಟ್ರಂತೆ. ಅವರ ಪ್ರಶ್ನೆ: "ನಿಮ್ಮ ಪತ್ರಿಕೇಲೂ ಪಾಸಿಟಿವ್ ಆಗಿರಿ ಅಂತಾನೇ ಹಾಕಿದ್ರಿ. ಎಲ್ರಿಗೂ ಆಗೋದು ನನಗ್ಯಾಕೆ ಆಗ್ತಿಲ್ಲ, ನನ್ನಲ್ಲೇ ಏನಾದ್ರೂ ಐಬಿದೆಯಾ?")

ಮೇಡಂ, ನಮಸ್ಕಾರ. ಮೊದಲು ನಮ್ಮ ತಪ್ಪು ಒಪ್ಕೊಂಡುಬಿಡ್ತೀನಿ. ನೀವು ಓದಿದ 'ಪಾಸಿಟಿವ್ ಆಗಿರೋಕೆ ಏಳು ದಾರಿ' ಅನ್ನೋ ಬಾಕ್ಸ್ ಇದ್ಯಲ್ಲ, ಅದು ಕೊನೇ ಗಳಿಗೇಲಿ ಒಂದು ಜಾಹೀರಾತು ಕೈಕೊಟ್ಟಿದ್ದಕ್ಕೆ ಅರ್ಧ ಪುಟ ತುಂಬಿಸೋಕೆ ಅವಸರದಲ್ಲಿ ಬರೆದಿದ್ದು, ಬರೆದವನು ನಾನೇ. ಅದನ್ನ ಓದಿ ಯಾರೋ ತಮ್ಮಲ್ಲೇ ಐಬು ಹುಡುಕ್ತಾರೆ ಅಂತ ಆವತ್ತು ತಲೆಗೇ ಹೋಗ್ಲಿಲ್ಲ.

ನೀವು ಪತ್ರದ ಜೊತೆ ಇಟ್ಟಿದ್ದ ಆ ಒಂಬತ್ತನೇ ದಿನದ ನೋಟ್‌ಬುಕ್ ಹಾಳೆ ನೋಡ್ದೆ. ಪ್ರೂಫ್ ನೋಡಿ ನೋಡಿ ಕೆಟ್ಟಿರೋ ಕಣ್ಣು ನಂದು, ಮೊದಲು ಕಾಣೋದೇ ತಪ್ಪು. ಮೇಲಿನ ಸಾಲುಗಳು ದುಂಡಗಿವೆ, ಹದಿನಾಲ್ಕನೇ ಸಾಲಿಗೆ ಬರೋ ಹೊತ್ತಿಗೆ ಕೊಂಬು ಬಿಟ್ಟುಹೋಗಿ 'ಖುಷಿ' ಅನ್ನೋದು 'ಖಷಿ' ಆಗಿದೆ, ಅಲ್ಲಿಂದ ಕೆಳಗೆ ಎಲ್ಲಾ ಖಷಿನೇ. ಸ್ಕೂಲಲ್ಲಿ ಮೇಷ್ಟ್ರು ಇಂಪೊಸಿಷನ್ ಕೊಟ್ರೆ ನಾವೂ ಹೀಗೇ ಬರೀತಿದ್ವಿ, ಕೈ ಒಂದು ಕಡೆ ಮನಸ್ಸು ಇನ್ನೊಂದು ಕಡೆ.

ಐಬು ನಿಮ್ಮಲ್ಲಿಲ್ಲ, ಆ ಚಾಲೆಂಜಲ್ಲಿದೆ. ಕೆನಡಾದ ವಾಟರ್‌ಲೂ ಯೂನಿವರ್ಸಿಟಿಯ ಜೋಆನ್ ವುಡ್ ಅನ್ನೋರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ರು. ಪರೀಕ್ಷೆಗೆ ಬಂದೋರು ಬೆಲ್ ಹೊಡೆದಾಗೆಲ್ಲ 'ನಾನು ಎಲ್ರ ಪ್ರೀತಿಗೆ ಅರ್ಹ' ಅನ್ನೋ ಥರದ ಒಂದು ವಾಕ್ಯ ಮನಸ್ಸಲ್ಲಿ ಹೇಳ್ಕೋಬೇಕಿತ್ತು. ಮೊದಲೇ ತಮ್ಮ ಬಗ್ಗೆ ಒಳ್ಳೆ ಅಭಿಪ್ರಾಯ ಇದ್ದೋರಿಗೆ ಒಂಚೂರು ಹಿತ ಅನ್ನಿಸ್ತು, ಆದ್ರೆ ತಮ್ಮ ಬಗ್ಗೆ ತಮಗೇ ಕೀಳರಿಮೆ ಇದ್ದೋರಿಗೆ ಹಾಗೆ ಹೇಳ್ಕೊಂಡ ಮೇಲೆ ಇನ್ನೂ ಕೆಟ್ಟದಾಗೇ ಆಯ್ತು. ಅಂದ್ರೆ ಔಷಧಿ ಯಾರಿಗೆ ಬೇಕಾಗಿತ್ತೋ ಅವರಿಗೇ ಅದು ಆಗಿಬರಲ್ಲ. ಬಾಯಿ ಒಂದು ಹೇಳ್ತಿದ್ರೆ ಒಳಗಿಂದ 'ಸುಳ್ಳು ಸುಳ್ಳು' ಅಂತ ಇನ್ನೊಂದು ದನಿ ಬರುತ್ತಲ್ಲ, ನಿಮಗೆ ಹದಿನಾಲ್ಕನೇ ಸಾಲಲ್ಲಿ ಕೇಳಿಸಿದ್ದೂ ಅದೇ ಇರ್ಬೇಕು.

ಇನ್ನೊಂದು ವಿಷ್ಯ, ಪಾಸಿಟಿವ್ ಥಿಂಕಿಂಗೇ ಬೇರೆ, ಪಾಸಿಟಿವ್ ಸೈಕಾಲಜಿನೇ ಬೇರೆ. ನಾನೂ ಎರಡನ್ನೂ ಕಲಸಿ ಉಂಡೆ ಕಟ್ಟಿ ಬಡಿಸಿದ್ದೆ. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘಕ್ಕೆ ಅಧ್ಯಕ್ಷರಾದ ಮಾರ್ಟಿನ್ ಸೆಲಿಗ್ಮನ್, ನಾವು ಬರೀ ಕಾಯಿಲೆ ನೋಡ್ಕೊಂಡೇ ಕೂತ್ವಿ, ಮನುಷ್ಯ ಚೆನ್ನಾಗಿ ಬಾಳೋದು ಹೇಗೆ ಅನ್ನೋದನ್ನೂ ಕಾಯಿಲೆಯಷ್ಟೇ ಗಂಭೀರವಾಗಿ ಸ್ಟಡಿ ಮಾಡ್ಬೇಕು ಅಂತ ಶುರು ಮಾಡಿದ್ದು ಪಾಸಿಟಿವ್ ಸೈಕಾಲಜಿ. ಮಜಾ ಏನಂದ್ರೆ ಇದೇ ಮನುಷ್ಯ ಹೆಸರು ಮಾಡಿದ್ದು ದುಃಖದ ಕೆಲಸದಿಂದ. 1967ರಲ್ಲಿ ಸ್ಟೀವನ್ ಮೇಯರ್ ಜೊತೆ ಸೇರಿ ನಾಯಿಗಳ ಮೇಲೆ ಪ್ರಯೋಗ ಮಾಡಿದ್ರು. ಏನೇ ಮಾಡಿದ್ರೂ ತಪ್ಪಿಸ್ಕೊಳ್ಳೋಕಾಗದ ಶಾಕ್ ತಿಂದ ನಾಯಿಗಳು ಆಮೇಲೆ ತಪ್ಪಿಸ್ಕೊಳ್ಳೋ ದಾರಿ ಇದ್ರೂ ಸುಮ್ನೆ ಮಲಗಿಬಿಡ್ತಿದ್ವು. (ಪಾಪದ ಪ್ರಯೋಗ, ನನಗಂತೂ ಓದೋಕೇ ಕಷ್ಟ ಆಯ್ತು.) ನಾಯಿಗಳು ಅಸಹಾಯಕತೆ ಕಲಿತುಬಿಟ್ವು ಅಂತ ಆಗ ಅಂದ್ರು, ಸುಮಾರು ಐವತ್ತು ವರ್ಷ ಆದ್ಮೇಲೆ 2016ರಲ್ಲಿ ಅವರಿಬ್ರೇ, ನಾವು ಹೇಳಿದ್ದು ಉಲ್ಟಾ ಆಗಿತ್ತು ಅಂತ ಬರೆದ್ರು. ಕಷ್ಟ ಬಹಳ ದಿನ ಎಳೆದ್ರೆ ಕೈಚೆಲ್ಲಿ ಕೂರೋದು ಮೆದುಳಿನ ಹುಟ್ಟುಗುಣ, ಕಲೀಬೇಕಾಗಿರೋದು 'ಇದು ನನ್ನ ಕೈಲಿದೆ' ಅನ್ನೋದನ್ನ. ನಾಲ್ಕು ವರ್ಷ ನಿಮ್ಮ ಕೈಲಿ ಇಲ್ಲದ ಕಾಯಿಲೆ ಜೊತೆ ಬದುಕಿದೀರಿ, ಈಗ ಕೈಕಾಲು ಆಡ್ತಿಲ್ಲ ಅಂತೀರಿ. ನನಗಂತೂ ಅದು ಸೋಮಾರಿತನ ಅಂತ ಕಾಣಲ್ಲ.

ಹಾಗಾದ್ರೆ ಈ ಶಾಸ್ತ್ರದಿಂದ ಉಪಯೋಗಕ್ಕೆ ಬರೋದು ಏನೂ ಇಲ್ವಾ ಅಂದ್ರೆ, ಇದೆ. 2005ರಲ್ಲಿ ಸೆಲಿಗ್ಮನ್ ತಂಡ ಇಂಟರ್ನೆಟ್ಟಲ್ಲಿ ತಾವಾಗೇ ಬಂದು ಸೇರಿದ 577 ಜನರ ಕೈಲಿ ಬೇರೆ ಬೇರೆ ಅಭ್ಯಾಸ ಮಾಡಿಸಿ ನೋಡ್ತು. ಒಂದು ಗುಂಪಿಗೆ ಹೋಲಿಕೆಗೋಸ್ಕರ ಬರೀ ಹಳೇ ನೆನಪು ಬರೀರಿ ಅಂದ್ರು, ಇನ್ನೊಂದು ಗುಂಪಿಗೆ ಒಂದು ವಾರ ರಾತ್ರಿ ಮಲಗೋ ಮುಂಚೆ ಆವತ್ತು ನೆಟ್ಟಗಾದ ಮೂರು ವಿಷ್ಯ ಬರೀರಿ, ಪಕ್ಕದಲ್ಲಿ ಅದು ಯಾಕಾಯ್ತು ಅಂತಾನೂ ಬರೀರಿ ಅಂದ್ರು. ಈ ಗುಂಪಿನೋರಿಗೆ ಆರು ತಿಂಗಳವರೆಗೂ ವ್ಯತ್ಯಾಸ ಕಾಣಿಸ್ತು. ಆದ್ರೆ ಬೆಟ್ಟದಷ್ಟು ಆಸೆ ಇಟ್ಕೋಬೇಡಿ, 2013ರಲ್ಲಿ ಇಂಥ 39 ಸ್ಟಡಿಗಳನ್ನ ಒಟ್ಟು ಹಾಕಿ ನೋಡ್ದಾಗ ಲಾಭ ಇದೆ, ಸಣ್ಣದು ಅಂತ ಬಂತು. ಅದೇ ವರ್ಷ ಇನ್ನೊಂದು ಎಡವಟ್ಟೂ ಬಯಲಾಯ್ತು. ಒಂದು ನೆಗೆಟಿವ್ ಭಾವನೆಗೆ 2.9013 ಪಾಸಿಟಿವ್ ಭಾವನೆ ಇದ್ರೆ ಬಾಳು ಅರಳುತ್ತೆ ಅಂತ ಒಂದು ಲೆಕ್ಕ ಚಾಲ್ತೀಲಿತ್ತು. ನಿಕ್ ಬ್ರೌನ್ ಅನ್ನೋ ನಡುವಯಸ್ಸಿನ ಪಾರ್ಟ್ ಟೈಮ್ ವಿದ್ಯಾರ್ಥಿ ಇನ್ನಿಬ್ಬರ ಜೊತೆ ಸೇರಿ ಆ ಗಣಿತಕ್ಕೆ ತಲೆಬುಡ ಇಲ್ಲ ಅಂತ ತೋರಿಸಿದ್ರು, ಲೆಕ್ಕ ಪ್ರಕಟಿಸಿದ್ದೋರು ಆ ಭಾಗ ವಾಪಸ್ ತಗೊಂಡ್ರು. ನಮ್ಮ ಬಾಕ್ಸಿನ ನಾಲ್ಕನೇ ದಾರಿ 'ಮೂರಕ್ಕೆ ಒಂದು ಸೂತ್ರ' ಇತ್ತಲ್ಲ, ಅದೇ ಇದು! ಪ್ಲೀಸ್ ಹೊಡೆದುಹಾಕ್ಕೊಳ್ಳಿ.

ಆ ಮೂರು ವಿಷ್ಯದಲ್ಲಿ ನನಗೆ ಹಿಡಿಸಿದ್ದು 'ಯಾಕೆ' ಅನ್ನೋದು. ಖುಷಿಯಾಗಿದೀನಿ ಅಂತ ಸುಳ್ಳು ಹೇಳೋ ಅಗತ್ಯ ಇಲ್ಲ, ಅಳ್ತಾನೇ ಬರೀಬಹುದು. ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಅದೂ ಬೇಜಾರಿನ ಪಟ್ಟಿ ಮಧ್ಯದಲ್ಲಿ, ಪಕ್ಕದ ಮನೆ ಹುಡುಗ ಸಂಜೆ ಭಿನ್ನರಾಶಿ ಹೇಳಿಸ್ಕೊಳ್ಳೋಕೆ ಬಂದು ತಲೆ ತಿಂತಾನೆ, ಮೊನ್ನೆ ಅಕ್ಕಿರೊಟ್ಟಿ ಎಂಟು ಪಾಲು ಮಾಡಿ ತೋರಿಸಿದ ಮೇಲೆ ಅರ್ಥ ಆಯ್ತು ಅಂತ ಕುಣಿದ ಅಂತ ಬರ್ದಿದೀರಿ. ಅದನ್ನ ಬರೀರಿ. ಯಾಕಾಯ್ತು? ಪುಸ್ತಕದಲ್ಲಿ ತಲೆಗೆ ಹೋಗದೆ ಇದ್ದಿದ್ದನ್ನ ರೊಟ್ಟೀಲಿ ತೋರಿಸೋಣ ಅಂತ ನಿಮಗೆ ಹೊಳೀತು, ಅದಕ್ಕೆ. ಅಂಥ ಮೂರು ಸಿಗದ ದಿನ ಒಂದೇ ಬರೀರಿ, ಒಂದೂ ಇಲ್ಲದ ದಿನ ನೋಟ್‌ಬುಕ್ ಮುಚ್ಚಿಡಿ.

ಆದ್ರೆ ರಾತ್ರಿ ಒಂದಕ್ಕೆ ನಿದ್ದೆ ಹತ್ತಿ ಮೂರೂವರೆಗೇ ಎಚ್ಚರ ಆಗುತ್ತೆ, ಊಟ ಸೇರಲ್ಲ, ಸೀರಿಯಲ್ಲೂ ಬೇಡ ಅನ್ಸಿದೆ ಅಂದಿದೀರಲ್ಲ, ತಿಂಗಳ ಮೇಲಾಯ್ತು ಅಂತ, ಅದಕ್ಕೆ ನೋಟ್‌ಬುಕ್ ಸಾಲ್ದು. ಅಮ್ಮ ಹೋದ ದುಃಖ ಕಾಯಿಲೆ ಅಲ್ಲ, ಆದ್ರೆ ಇಂಥದ್ದು ಎರಡು ವಾರ ದಾಟಿದ್ರೆ ಡಾಕ್ಟರಿಗೆ ತೋರಿಸ್ಲೇಬೇಕು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ, ಹೋಗೋ ಮುಂಚೆ ಯಾವ ಮಂಗಳವಾರ ಅಂತ ಕೇಳ್ಕೊಳ್ಳಿ. ಅಲ್ಲೀವರೆಗೆ ಕಾಯೋಕಾಗಲ್ಲ ಅನ್ನಿಸಿದ್ರೆ, ಅಥವಾ ಬದುಕೇ ಬೇಡ ಅನ್ನೋ ಯೋಚನೆ ಬಂದ್ರೆ, ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ 14416ಕ್ಕೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ತಂಗಿ ಮಗಳ ಮೇಲೆ ಸಿಟ್ಟು ಬೇಡ, ಪಾಪ ಒಳ್ಳೇದಕ್ಕೇ ಕಳಿಸಿರ್ತಾಳೆ. ಮುಂದಿನ ಸಂಚಿಕೇಲಿ ಬಾಕ್ಸಿಗೆ ತಿದ್ದುಪಡಿ ಹಾಕ್ತೀವಿ, ಈ ಸಲ ಜಾಹೀರಾತು ಕೈಕೊಡೋಕೆ ಕಾಯಲ್ಲ. ಆಸ್ಪತ್ರೆಗೆ ಹೋಗ್ಬಂದ್ಮೇಲೆ ಎರಡು ಸಾಲು ಬರೀರಿ, ಹಾಗೇ ಆ ಹುಡುಗ ಭಿನ್ನರಾಶಿ ಟೆಸ್ಟಲ್ಲಿ ಎಷ್ಟು ತೆಗೆದ ಅಂತಾನೂ.

– ಸಂ.