ನೆನಪಿಲ್ಲದ ಅಪಘಾತಕ್ಕೆ ಎದೆ ಯಾಕೆ ಹೊಡೆದುಕೊಳ್ಳುತ್ತದೆ?

ಪ್ರಶ್ನೆ: ಹೋದ ವರ್ಷ ನನ್ನ ಸ್ಕೂಟರ್‌ಗೆ ಲಾರಿ ತಾಗಿ ತಲೆಗೆ ಪೆಟ್ಟಾಯಿತು. ಮನೆ ಬಿಟ್ಟದ್ದು ಗೊತ್ತು, ಆಮೇಲೆ ಕಣ್ಣು ಬಿಟ್ಟದ್ದು ಆಸ್ಪತ್ರೆಯಲ್ಲಿ. ಈಗ ಲಾರಿಯ ಏರ್‌ಬ್ರೇಕ್ ಟುಸ್ಸೆಂದರೆ ಸಾಕು, ಕೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ‘ನೆನಪೇ ಇಲ್ಲ ಅಂತೀಯ, ಹೆದರಿಕೆ ಎಲ್ಲಿಂದ ಬಂತು? ಎಲ್ಲಾ ನಾಟಕ’ ಅನ್ನುತ್ತಾರೆ ಯಜಮಾನರು. ನನಗೂ ಅನುಮಾನ ಶುರುವಾಗಿದೆ. ಧೈರ್ಯ ಮಾಡಿ ಗಾಡಿ ಹತ್ತಿಬಿಡಲೇ?
– ವಿ., ದಾವಣಗೆರೆ

ಉತ್ತರ: ನಾಟಕವಲ್ಲ. ನಡೆದದ್ದನ್ನು ಹೇಳಿಕೊಳ್ಳಬಲ್ಲ ನೆನಪಾಗಿ ಜೋಡಿಸುವುದಕ್ಕೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಬೇಕು. ಯಾವ ಸದ್ದಿನ ಬೆನ್ನಿಗೆ ಅಪಾಯ ಬಂತೆಂದು ಮೈಗೆ ಕಲಿಸುವುದರಲ್ಲಿ ಮಿದುಳಿನದೇ ಇನ್ನೊಂದು ಭಾಗವಾದ ಅಮಿಗ್ಡಲಾದ್ದು ದೊಡ್ಡ ಪಾತ್ರ. ಪೆಟ್ಟಿನಿಂದ ಮೊದಲನೆಯದು ಕೈಕೊಟ್ಟರೂ ಎರಡನೆಯದು ತನ್ನ ಕೆಲಸ ಮಾಡಿರಬಹುದು. 1911ರಲ್ಲಿ ಜಿನೀವಾದ ಮನೋವಿಜ್ಞಾನಿ ಎಡ್ವರ್ಡ್ ಕ್ಲಾಪರೇಡ್ ಬರೆದ ಪ್ರಸಂಗವನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಹೊಸದೇನೂ ನೆನಪಿನಲ್ಲಿ ನಿಲ್ಲದ ರೋಗಿಯೊಬ್ಬಳ ಕೈಗೆ ಅವರು ಅಡಗಿಸಿಟ್ಟ ಸೂಜಿಯಿಂದ ಚುಚ್ಚಿದರು. (ಈಗ ಹೀಗೆ ಮಾಡಿದರೆ ಕೆಲಸ ಹೋಗುತ್ತದೆ!) ಅವರು ಮತ್ತೆ ಕೈ ಚಾಚಿದಾಗ ಆಕೆ ತನ್ನ ಕೈ ಹಿಂದಕ್ಕೆಳೆದುಕೊಂಡಳು. ಚುಚ್ಚಿದ್ದರ ನೆನಪು ಮಾತ್ರ ಇರಲಿಲ್ಲ.

ಹಾಗಾಗಿ ಅಪಘಾತವನ್ನು ನೆನಪಿಸಿಕೊಳ್ಳಲು ಒದ್ದಾಡಬೇಡಿ. ಆ ಹೊತ್ತಿನದು ಮಿದುಳಿನಲ್ಲಿ ದಾಖಲಾಗಿಯೇ ಇಲ್ಲದಿರಬಹುದು. ಗಾಡಿ ಈಗಲೇ ಬೇಡ. ತಲೆಸುತ್ತು, ತಲೆನೋವು ಇನ್ನೂ ಇದ್ದರೆ ಮೊದಲು ನರರೋಗ ತಜ್ಞರಿಗೆ ತೋರಿಸಿ.

ಅಭ್ಯಾಸವನ್ನು ಸದ್ದಿನಿಂದ ಶುರು ಮಾಡಿ. ಏರ್‌ಬ್ರೇಕ್ ಸದ್ದನ್ನು ಯಾರಿಂದಲಾದರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ. ಹೆದರಿಕೆಗೆ 0ಯಿಂದ 10ರವರೆಗೆ ಅಂಕ ಕೊಡಿ. 4 ಬರುವಷ್ಟು ವಾಲ್ಯೂಮಿಟ್ಟು ದಿನಾ 20–30 ನಿಮಿಷ ಮತ್ತೆ ಮತ್ತೆ ಕೇಳಿ. ‘ಈ ಸದ್ದು ಬಂದರೆ ಏನಾಗುತ್ತದೆ?’ ಎಂದು ಮೊದಲೇ ಬರೆದಿಟ್ಟು, ಆಮೇಲೆ ಆದದ್ದೇನೆಂದು ಪಕ್ಕದಲ್ಲಿ ಬರೆಯಿರಿ. ಅಂಕ 2ಕ್ಕೆ ಇಳಿದ ಮೇಲೆ ವಾಲ್ಯೂಮ್ ಏರಿಸಿ. ಆಮೇಲೆ ಬಸ್‌ಸ್ಟ್ಯಾಂಡಿನ ಬೆಂಚು, ಖಾಲಿ ಮೈದಾನದಲ್ಲಿ ಸ್ಕೂಟರ್, ಕೊನೆಗೆ ರಸ್ತೆ.

ಬಹಳ ಜನ ಎಡವುವುದು ಎದೆಬಡಿತ ಏರಿದ ಕೂಡಲೇ ಎದ್ದು ಹೋಗುವುದರಲ್ಲಿ. ಓಡಿಹೋದದ್ದರಿಂದಲೇ ಬದುಕಿದೆವು ಎಂದು ಮೈ ಕಲಿತುಬಿಡುತ್ತದೆ. ಕಿವಿ ಮುಚ್ಚಿಕೊಂಡರೂ ಅಷ್ಟೇ. ಒಂದೇ ಜಾಗದಲ್ಲಿ ಅಭ್ಯಾಸ ಮಾಡಿದರೆ ಧೈರ್ಯ ಆ ಜಾಗಕ್ಕೇ ಸೀಮಿತವಾಗಬಹುದು; ಹಳೆಯ ಕಲಿಕೆ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸದೊಂದು ಕೂರುತ್ತದೆ, ಅಷ್ಟೆ. ಹಾಗಾಗಿ ವಾರಗಟ್ಟಲೆ ಬಿಟ್ಟರೆ ಹೆದರಿಕೆ ಸ್ವಲ್ಪ ಮರಳಬಹುದು. ಒಂದು ಮೆಟ್ಟಿಲು ಕೆಳಗಿನಿಂದ ಮತ್ತೆ ಶುರು ಮಾಡಿ.

ಕೆಟ್ಟ ಕನಸು, ನಿದ್ದೆಗೇಡು ಜೊತೆಗಿದ್ದರೆ, ಅಥವಾ ಅಂಕ ಇಳಿಯದೇ ಇದ್ದರೆ ಇದನ್ನು ಒಬ್ಬರೇ ಮಾಡಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ಮಾಡಿ. ಯಾರ ಬಳಿ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.