ಓದಿನ ದಿನಕ್ಕೆ ಸ್ಪರ್ಧೆ ಬೇಕೇ?

ಐದಾರು ಸ್ವಯಂಸೇವಕರು ಸೇರಿ ಮಕ್ಕಳ ಓದಿನ ದಿನ ಮಾಡಲು ಹೊರಟಿದ್ದೀರಿ, ಸ್ಪರ್ಧೆ, ಬಹುಮಾನ ಇಡದಿದ್ದರೆ ಮಕ್ಕಳು ಬರುತ್ತಾರಾ ಎಂದು ಕೇಳಿದ್ದೀರಿ. ಖಂಡಿತ ಬರುತ್ತಾರೆ. ಸ್ಪರ್ಧೆ ಇಟ್ಟರೆ ಈಗಾಗಲೇ ಚೆನ್ನಾಗಿ ಓದುವವರೇ ಗೆಲ್ಲುತ್ತಾರೆ, ತಡವರಿಸುವ ಮಗು ಇನ್ನಷ್ಟು ಹಿಂದೆ ಸರಿಯುತ್ತದೆ. ನಮಗೆ ಬೇಕಾದದ್ದು ಆ ಮಗುವೇ ಅಲ್ಲವೇ?

ನಿಮ್ಮ ಶಕ್ತಿಯನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವುದಕ್ಕೆ ಹಾಕಿ. ಒಬ್ಬರಿಗೆ ಎಂಟು-ಹತ್ತು ಮಕ್ಕಳು ಸಾಕು. ಚಿತ್ರ ಎಲ್ಲರಿಗೂ ಕಾಣುವಂತೆ ಪುಸ್ತಕ ಹಿಡಿದು, ನಡುವೆ ನಿಲ್ಲಿಸಿ 'ಮುಂದೇನಾಗಬಹುದು?' ಎಂದು ಕೇಳಿ. ಉತ್ತರಕ್ಕೆ ಸರಿ, ತಪ್ಪು ಎನ್ನಬೇಡಿ. ಓದಿ ಹೇಳುವವರು ಮನೆಯಲ್ಲಿ ಒಮ್ಮೆಯಾದರೂ ಗಟ್ಟಿಯಾಗಿ ಓದಿಕೊಂಡು ಬರಲೇಬೇಕು, ಇದರಲ್ಲಿ ರಾಜಿ ಬೇಡ. ಆಮೇಲೆ ಪುಸ್ತಕಗಳನ್ನು ಮುಖಪುಟ ಕಾಣುವ ಹಾಗೆ ಕೈಗೆಟಕುವಲ್ಲಿ ಹರಡಿ, ಮಕ್ಕಳೇ ಆರಿಸಲಿ. ಚಿಕ್ಕವರ ಪುಸ್ತಕ ಎತ್ತಿಕೊಂಡ ದೊಡ್ಡ ಹುಡುಗನನ್ನು ದಯವಿಟ್ಟು ತಡೆಯಬೇಡಿ.

ಭಾಷಣ ಐದು ನಿಮಿಷ ಮೀರದಿರಲಿ. ಪುಸ್ತಕ ಕಡಿಮೆಯಿದ್ದರೆ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕತೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಬಹುದು. ದಿನಾಂಕ ಹುಡುಕುತ್ತಿದ್ದರೆ ಏಪ್ರಿಲ್ 2 ಇದೆ, 1967ರಿಂದ ಆಚರಿಸುತ್ತಿರುವ ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ. ಆದರೆ ಒಂದು ದಿನಕ್ಕೇ ನಿಲ್ಲಿಸಬೇಡಿ: ಪ್ರತಿ ಮಗುವಿಗೂ ಒಂದು ಪುಸ್ತಕ ಎರವಲು ಕೊಟ್ಟು, ಮುಂದಿನ ತಿಂಗಳು ಯಾವತ್ತು ಸೇರುತ್ತೀರಿ ಎಂದು ಅಂದೇ ಹೇಳಿ ಕಳಿಸಿ.