ಮೊದಲ ‘ಬೇಡ’ದ ಅರ್ಥ

ಉಡುಪಿಯ ಓದುಗರೊಬ್ಬರ ಪತ್ರ: ‘ಜರ್ಮನಿಯಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನೆರೆಮನೆಯ ದಂಪತಿ ಸಂಜೆ ಕಾಫಿ, ಕೇಕಿಗೆ ಕರೆದರು. ಇನ್ನೊಂದು ತುಂಡು ಕೊಡಲೇ ಎಂದಾಗ ಬೇಡವೆಂದೆ. ಕೇಕ್ ಒಳಗೆ ಹೋಯಿತು, ಮತ್ತೆ ಕೇಳಲೇ ಇಲ್ಲ. ಇದೆಂಥ ಉಪಚಾರ? ಡಿಸೆಂಬರಿನಲ್ಲಿ ಅವರು ನಮ್ಮಲ್ಲಿಗೆ ಊಟಕ್ಕೆ ಬರುತ್ತಾರೆ. ಹೇಗೆ ನೋಡಿಕೊಳ್ಳಲಿ?’

ಸಂಪಾದಕರ ಉತ್ತರ:

ಅಮ್ಮಾ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಮೊದಲ ‘ಬೇಡ’ವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತುಳುವಿನಲ್ಲಿ ‘ಬೊಡ್ಚಿ’ (ಬೇಡ) ಎಂದವರ ಎಲೆಗೂ ಇನ್ನೊಂದು ಸೌಟು ಪಾಯಸ ಬೀಳುತ್ತದೆ. ‘ಯಾವು, ಯಾವು’ (ಸಾಕು, ಸಾಕು) ಎಂದು ಎಲೆಗೆ ಕೈ ಅಡ್ಡ ಹಿಡಿದಾಗಲೇ ಬಡಿಸುವ ಸುಧರಿಕೆಯವರು ಮುಂದೆ ಹೋಗುವುದು. ನನ್ನ ಅಜ್ಜಿಯಂತೂ ಕೇಳದೆಯೇ ಬಡಿಸುತ್ತಿದ್ದರು. ಕೇಳಿದರೆ ನೆಂಟರು ನಾಚಿಕೊಂಡು ಅರೆಹೊಟ್ಟೆಯಲ್ಲಿ ಏಳುತ್ತಾರೆ ಎಂಬ ಕಳಕಳಿ ಅವರದು.

ಆದರೂ ಆ ದಂಪತಿಯನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ಅಲ್ಲಿ ಬೇಡ ಎಂದರೆ ಬೇಡ. ಮೇಲೆ ಒತ್ತಾಯಿಸಿದರೆ ನಿಮ್ಮ ಮಾತನ್ನೇ ನಂಬದಂತಾಗುತ್ತದೆ. ಅವರು ನಿಮ್ಮ ಮಾತಿಗೆ ಬೆಲೆ ಕೊಟ್ಟರು. ಅದರ ಹಿಂದಿನ ಸಂಕೋಚ ಮಾತ್ರ ಅವರಿಗೆ ಕಾಣಲಿಲ್ಲ.

ನಮ್ಮಂಥವರು ಬೇರೆ ಕಡೆಯೂ ಇದ್ದಾರೆ. ಇರಾನಿನ ‘ತಾರೂಫ್’ ಪದ್ಧತಿಯಲ್ಲಿ ಅತಿಥಿ ಎರಡು ಮೂರು ಸಲ ನಿರಾಕರಿಸುವುದು, ಮನೆಯವರು ಬಿಡದೆ ಒತ್ತಾಯಿಸುವುದು ಎರಡೂ ಸಭ್ಯತೆ. ಮಂಗಳೂರಿನಿಂದ ಗಲ್ಫಿಗೆ ಹೋಗಿ ಬಂದವರನ್ನು ಕೇಳಿ ನೋಡಿ: ಅರಬರ ಮನೆಯಲ್ಲಿ ‘ಫಿಂಜಾನ್’ ಎಂಬ ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕಾಲುಭಾಗದಷ್ಟೇ ಕಾಫಿ ಕೊಡುತ್ತಾರೆ, ಮುಗಿದಂತೆ ಮತ್ತೆ ಸುರಿಯುತ್ತಾರೆ. ಸಾಕಾದರೆ ಬಾಯಿ ತೆರೆಯಬೇಕಿಲ್ಲ, ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಕೊಟ್ಟರಾಯಿತು. 2015ರಲ್ಲಿ ಯುನೆಸ್ಕೋದ ಪಾರಂಪರಿಕ ಪಟ್ಟಿಗೆ ಸೇರಿದ ಸತ್ಕಾರವಿದು. ನಾವು ಎಲೆಗೆ ಕೈ ಅಡ್ಡ ಹಿಡಿಯುವುದಕ್ಕೂ ಇದಕ್ಕೂ ಎಷ್ಟೊಂದು ಹೋಲಿಕೆ! ಜಪಾನಿನಲ್ಲಿ ಸಾಕಾದವರು ಲೋಟವನ್ನು ತುಂಬಿದಂತೆಯೇ ಬಿಡುತ್ತಾರೆ.

ನಮ್ಮ ಒತ್ತಾಯಕ್ಕೂ ಒಂದು ಮಿತಿ ಬೇಕು. ಸಕ್ಕರೆ ಕಾಯಿಲೆಯವರು ಕೈಮುಗಿದು ಬೇಡವೆಂದರೂ ಎಲೆಗೆ ಹೋಳಿಗೆ ಬೀಳುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ಡಿಸೆಂಬರಿನ ಮಾತು. ಹನ್ನೆರಡೂವರೆಗೆ ಬನ್ನಿ ಎಂದರೆ ಅವರು ಸರಿಯಾಗಿ ಹನ್ನೆರಡೂವರೆಗೆ ಜಗಲಿಯಲ್ಲಿರುತ್ತಾರೆ. ಅಡುಗೆ ನಿಜವಾಗಿ ಮುಗಿಯುವ ಹೊತ್ತನ್ನೇ ಹೇಳಿ. ಬಂದ ಕೂಡಲೇ ಬೆಲ್ಲ, ನೀರು ಕೊಡಿ, ಅದು ಯಾಕೆಂದು ವಿವರಿಸಿ. ತಟ್ಟೆ ಖಾಲಿ ಮಾಡಿದರೆ ನಾಳೆ ಒಳ್ಳೆಯ ಬಿಸಿಲು ಬರುತ್ತದೆ ಎಂದು ಜರ್ಮನಿಯಲ್ಲಿ ಮಕ್ಕಳಿಗೆ ಹೇಳುವ ರೂಢಿಯಿದೆ. ಹಾಗಾಗಿ ಅವರು ಮರ್ಯಾದೆಗೆಂದು ಎಲ್ಲವನ್ನೂ ತಿಂದು ಮುಗಿಸುತ್ತಾರೆ, ಖಾಲಿಯಾದುದನ್ನು ಕಂಡು ನೀವು ಮತ್ತೆ ಬಡಿಸುತ್ತೀರಿ, ಪಾಪ! ಕುಳಿತ ಕೂಡಲೇ ಕೈ ಅಡ್ಡ ಹಿಡಿಯುವುದನ್ನು ತೋರಿಸಿಕೊಡಿ. ಮಜ್ಜಿಗೆ ಬರುವವರೆಗೆ ಊಟ ಮುಗಿದಿಲ್ಲವೆಂದೂ ತಿಳಿಸಿ. ಮುಂದಿನ ಸಲ ಅವರ ಮನೆಯಲ್ಲಿ ಕೇಕ್ ಹಿಡಿಸಿದರೆ, ಮೊದಲ ಸಲ ಕೇಳಿದಾಗಲೇ ‘ಕೊಡಿ’ ಎನ್ನಿ.